ಆನೆ ತಂದವರು ಮೇವಿನ ಲೆಕ್ಕ ಹಾಕಿದ್ದಾರೆಯೇ?

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಇಕ್ಕಟ್ಟಿನಲ್ಲಿ ಕೈಗಾಡಿ, ಆಟೊಗಳ ಜೊತೆ ಈಗ ಆಳೆತ್ತರದ ಐಷಾರಾಮಿ ಕಾರುಗಳೂ ಸಿಕ್ಕಿಹಾಕಿಕೊಳ್ಳುತ್ತಿವೆ. ಎಸ್‌ಯುವಿ ಎಂಬುದು ಇವುಗಳ ಜಾತಿ. ಕೊಂಡವರೆಲ್ಲ ಕೋಟ್ಯಧೀಶರೇನಲ್ಲ. ಅಂಗಡಿಯವರು, ಕಮಿಷನ್ ಏಜೆಂಟರು, ಸೈಟು ವ್ಯಾಪಾರದವರೂ ಇದ್ದಾರೆ. ಕೊಳ್ಳುವುದು ಬಿಡುವುದು ಅವರವರ ಇಷ್ಟ. ಆದರೆ ಆನೆ ತಂದವರು ಮೇವಿನ ಲೆಕ್ಕ ಹಾಕಿದ್ದಾರೆಯೇ ಎಂಬುದೇ ಪ್ರಶ್ನೆ.

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿದ್ದ ಶೇ. 28 ಜಿಎಸ್‌ಟಿ, ಶೇ. 22 ಸೆಸ್ ಹೋಗಿ ಒಟ್ಟು ತೆರಿಗೆ ಶೇ. 40 ಆಯಿತು. ಕಾರು ಅಗ್ಗವಾಯಿತೆಂದು ಹಿಗ್ಗಿದವರು ಬಹಳ. ಆದರೆ ರಾಜ್ಯ ಸರ್ಕಾರದ ಕೈ ಬೇರೆ ಇದೆಯಲ್ಲ! ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್. 45 ಲಕ್ಷದ ಗಾಡಿಗೆ ಈ ಬಾಬ್ತೇ ಎಂಟು ಲಕ್ಷ ದಾಟುತ್ತದೆ.

ಹೀಗಾಗಿ ಹೊಸದು ಕೈಗೆ ಎಟುಕದವರು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಗಾಡಿಯ ಕಡೆ ನೋಡುತ್ತಾರೆ. ಎಪ್ಪತ್ತು ಲಕ್ಷದ ಗಾಡಿ ಏಳೆಂಟು ವರ್ಷವಾದ ಮೇಲೆ ಇಪ್ಪತ್ತು ಲಕ್ಷಕ್ಕೆ ಬಂದರೆ ಯಾರಿಗೆ ತಾನೆ ಆಸೆಯಾಗಲ್ಲ ಹೇಳಿ? ಗುಟ್ಟು ಇರುವುದು ಇಲ್ಲೇ. ಗಾಡಿಯ ಬೆಲೆ ಇಪ್ಪತ್ತು ಲಕ್ಷಕ್ಕೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಎಪ್ಪತ್ತು ಲಕ್ಷದ ಗಾಡಿಯದ್ದೇ ಆಗಿ ಉಳಿಯುತ್ತದೆ. ಹೆಡ್‌ಲೈಟು, ಗೇರ್ ಬಾಕ್ಸು, ಸೆನ್ಸರು ಇವು ಯಾವುದೂ ಮಾಲೀಕ ಎರಡನೆಯವನೋ ಮೂರನೆಯವನೋ ಎಂದು ಕೇಳಿ ರಿಯಾಯಿತಿ ಕೊಡುವುದಿಲ್ಲ.

ಈಗ ತಿಂಗಳ ಲೆಕ್ಕ ನೋಡಿ. ಇಪ್ಪತ್ತು ಲಕ್ಷದ ಹಳೇ ಗಾಡಿ, ಐದು ಲಕ್ಷ ಕೈಯಿಂದ, ಹದಿನೈದು ಲಕ್ಷ ಸಾಲ ಅಂತ ಇಟ್ಟುಕೊಳ್ಳೋಣ. ಶೇ. 12 ಬಡ್ಡಿ, ಐದು ವರ್ಷ ಅಂದರೆ ಕಂತು 33,367 ರೂಪಾಯಿ. ಊರೊಳಗೆ ಲೀಟರಿಗೆ ಹತ್ತು ಕಿಲೋಮೀಟರು ಕೊಟ್ಟರೆ ಇಂಥ ಗಾಡಿಗೆ ಅದೇ ಹೆಚ್ಚು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ ದಾಟಿತ್ತು. ಅದೇ ದರ ಹಿಡಿದರೂ ತಿಂಗಳಿಗೆ ಸಾವಿರ ಕಿಲೋಮೀಟರಿಗೆ 9,100. ಟೈರು ಒಂದಕ್ಕೆ ಇಪ್ಪತ್ತು ಸಾವಿರದಂತೆ ನಾಲ್ಕಕ್ಕೆ 80 ಸಾವಿರ. ನಲವತ್ತು ಸಾವಿರ ಕಿಲೋಮೀಟರು ಬಾಳಿದರೆ ಕಿಲೋಮೀಟರಿಗೆ ಎರಡು ರೂಪಾಯಿ, ತಿಂಗಳಿಗೆ 2,000. ವಿಮೆ ವರ್ಷಕ್ಕೆ 60 ಸಾವಿರ ಎಂದರೆ ತಿಂಗಳಿಗೆ 5,000. ಮಾಮೂಲಿ ಸರ್ವಿಸ್ ವರ್ಷಕ್ಕೆ 48 ಸಾವಿರ ಎಂದರೆ 4,000. ಕೂಡಿಸಿ: 53,467 ರೂಪಾಯಿ. ಡ್ರೈವರ್ ಸಂಬಳ, ಟೋಲು, ರಿಪೇರಿ ಇದರಲ್ಲಿ ಸೇರಿಲ್ಲ.

ಕಿರಾಣಿ ಅಂಗಡಿಯಲ್ಲಿ ರೂಪಾಯಿಗೆ ಹತ್ತು ಪೈಸೆ ಉಳಿಯುತ್ತದೆ ಎಂದುಕೊಂಡರೂ, ತಿಂಗಳಿಗೆ ಸುಮಾರು ಐದೂಕಾಲು ಲಕ್ಷಕ್ಕೂ ಮೇಲಿನ ವ್ಯಾಪಾರ ಬರೀ ಕಾರಿಗೇ ಆಗಬೇಕು. ಮನೆ, ಮಕ್ಕಳ ಫೀಜು, ಅಂಗಡಿ ಹುಡುಗರ ಸಂಬಳ ಅದಾದ ಮೇಲೆ.

ಇನ್ನು ರಿಪೇರಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಹೈವೇಯಲ್ಲಿ ಒಂದೇ ಸಮ ಓಡಿ ಹೊಗೆ ಚೆನ್ನಾಗಿ ಕಾದಾಗ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎರಡು ಕಿಲೋಮೀಟರು ಓಡಿಸುವ ಸಾಹುಕಾರರ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಸ್ಪ್ರಿಂಗ್ ಬದಲು ಗಾಳಿ ಚೀಲದ ಮೇಲೆ ಕೂತ ಗಾಡಿಗಳೂ ಇವೆ. ರಬ್ಬರು ಹಳತಾಗಿ ಗಾಳಿ ಸೋರಿದರೆ, ಬೆಳಿಗ್ಗೆ ನೋಡುವ ಹೊತ್ತಿಗೆ ಗಾಡಿ ಮುದಿ ಎಮ್ಮೆಯಂತೆ ಮಲಗಿರುತ್ತದೆ. ನಮ್ಮೂರ ಮೇಸ್ತ್ರಿಗಳ ಕೈಚಳಕಕ್ಕೆ ಕೊರತೆ ಇಲ್ಲ. ಆದರೆ ಈ ಗಾಡಿಗಳ ದೋಷ ಓದಲು ಕಂಪನಿಯ ಕಂಪ್ಯೂಟರೇ ಬೇಕಾಗುವುದುಂಟು. ಐಷಾರಾಮಿ ಕಂಪನಿಗಳ ವರ್ಕ್‌ಶಾಪುಗಳು ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿವೆ. ಗಾಡಿ ಕೆಟ್ಟರೆ ಇನ್ನೂರೈವತ್ತು ಕಿಲೋಮೀಟರಿಗೂ ದೂರ ಲಾರಿ ಮೇಲೆ ಹೇರಿಕೊಂಡು ಹೋಗಬೇಕು.

ವಿಮೆ ಇದೆಯಲ್ಲ ಎಂಬ ಧೈರ್ಯ ಕೆಲವರದ್ದು. ನಾಲ್ಕು ವರ್ಷ ದಾಟಿದ ಗಾಡಿಗೆ ವಿಮೆಯ ಲೆಕ್ಕದಲ್ಲಿ ಹೊಸದರ ಅರ್ಧ ಬೆಲೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕು, ರಬ್ಬರು, ಬ್ಯಾಟರಿ, ಏರ್‌ಬ್ಯಾಗಿಗೆ ಸಿಗುವುದೂ ಅರ್ಧವೇ. ಸವೆದು ಕೆಟ್ಟದ್ದಕ್ಕಂತೂ ಸಿಗುವುದು ಸೊನ್ನೆ. ಅಂಗಡಿ ಹೆಸರಲ್ಲಿ ತಗೊಂಡರೆ ಜಿಎಸ್‌ಟಿ ವಾಪಸ್ ಬರುತ್ತದೆ ಎಂಬ ಮಾತೂ ಪೇಟೆಯಲ್ಲಿ ಓಡಾಡುತ್ತಿದೆ. ಬರೋದಿಲ್ಲ ಸ್ವಾಮಿ! ಮಾಲೀಕರ ಓಡಾಟದ ಕಾರಿಗೆ ಕಾಯ್ದೆಯೇ ಅದನ್ನು ತಡೆದಿದೆ. ಅದರ ವಿಮೆ, ರಿಪೇರಿಗೂ ಇಲ್ಲ.

ಬಸ್ಸಿನಲ್ಲಿ ಓಡಾಡುವ ನಮಗೆ ಇದೆಲ್ಲ ಯಾಕೆ ಎಂದು ಕೇಳಬಹುದು. 2025ರ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ. 15 ಏರಿದಾಗ ಟಿಕೆಟ್ಟಿನ ಒಂದೊಂದು ರೂಪಾಯಿ ಲೆಕ್ಕ ಹಾಕಿದ ಜನ ನಾವು. ಅದೇ ಜನ ದೊಡ್ಡ ಕಾರು ನೋಡಿ ಚೀಟಿಗೆ ದುಡ್ಡು ಕಟ್ಟುತ್ತೇವೆ, ಸೈಟಿಗೆ ಮುಂಗಡ ಕೊಡುತ್ತೇವೆ. ಮಂಡಿಯಲ್ಲೂ ಅಷ್ಟೆ, ಕಾರಿನ ಎತ್ತರ ನೋಡಿ ಉದ್ರಿ ಕೊಡುವವರಿದ್ದಾರೆ. ಕಾರು ಆಸ್ತಿಯಲ್ಲ, ತಿಂಗಳಿಗೆ ಅರ್ಧ ಲಕ್ಷದ ಖರ್ಚು. ಆ ಖರ್ಚು ಅಂಗಡಿಯ ಲಾಭದಿಂದ ಹುಟ್ಟದಿದ್ದರೆ ಮತ್ತೆಲ್ಲಿಂದ ಹುಟ್ಟಬೇಕು? ಮಾಲು ಕೊಟ್ಟವನ ಬಾಕಿಯಿಂದ, ಹುಡುಗರ ಸಂಬಳದಿಂದ, ಇಲ್ಲವೇ ಚೀಟಿಯ ದುಡ್ಡಿನಿಂದ. ಚೀಟಿ ಕಟ್ಟುವವರು ನೋಡಬೇಕಾದ್ದು ಯಜಮಾನನ ಕಾರನ್ನಲ್ಲ, 1982ರ ಚಿಟ್ ಫಂಡ್ ಕಾಯ್ದೆಯಂತೆ ಆ ಚೀಟಿ ನೋಂದಣಿ ಆಗಿದೆಯೇ ಎಂಬುದನ್ನು.

ಇಷ್ಟಾದರೂ ಹಳೇ ಗಾಡಿ ಬೇಕೇ ಬೇಕು ಅನ್ನುವವರು ಸರ್ವಿಸ್ ದಾಖಲೆ ಪೂರ್ತಿ ಕೇಳಲಿ, ವಿಮೆ ಕ್ಲೇಮು ಏನೇನು ಆಗಿದೆ ವಿಚಾರಿಸಲಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರು ಕಡೆ ಐಷಾರಾಮಿ ಕಾರುಗಳು ನೀರಲ್ಲಿ ಮುಳುಗಿದ್ದನ್ನು ನಾಡೇ ನೋಡಿದೆ. ನೀರು ಕುಡಿದ ಗಾಡಿ ಪಾಲಿಶ್ ಹೊಡೆದರೆ ಹೊಸದರಂತೆಯೇ ಕಾಣುತ್ತದೆ. ಹಾಗೆಯೇ, ಖರೀದಿಗೆ ಮುಂಚೆ ರಿಪೇರಿಗೆಂದು ಎರಡು ಲಕ್ಷವನ್ನಾದರೂ ಬೇರೆ ತೆಗೆದಿಡಲಿ. ಅಷ್ಟು ಇಡಲಾಗದಿದ್ದರೆ ಆ ಗಾಡಿ ಅವರದ್ದಲ್ಲ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಇದೆ. ಈ ಕಬ್ಬಿಣದ ಆನೆಗೆ ಆ ಮಾತು ಹೊಂದುವುದಿಲ್ಲ. ಇದ್ದಾಗ ಲಕ್ಷ ತಿನ್ನುತ್ತದೆ, ಸತ್ತರೆ ಗುಜರಿಯವನು ತೂಕ ಹಾಕುತ್ತಾನೆ. ಅಂಗಡಿಯ ತಕ್ಕಡಿ ಹಿಡಿದವರಿಗೆ ತೂಕದ ಪಾಠ ಬೇರೆ ಹೇಳಬೇಕೆ?