ಕೀಲಿಮಣೆ ಒಂದು, ಕಂಪ್ಯೂಟರ್ ಎರಡು

ವಾಷಿಂಗ್ಟನ್ ಆಸುಪಾಸಿನಲ್ಲಿ ಮನೆಯಿಂದಲೇ ರೋಗಿಗಳನ್ನು ನೋಡುವ ನನ್ನಂಥ ವೈದ್ಯರ ಮೇಜಿನ ಮೇಲೆ ಎರಡು ಕಂಪ್ಯೂಟರುಗಳಿರುತ್ತವೆ: ಆಸ್ಪತ್ರೆಯದೊಂದು, ಸ್ವಂತದ್ದೊಂದು. ಎರಡಕ್ಕೂ ಒಂದೇ ಕೀಲಿಮಣೆ, ಒಂದೇ ಮೌಸ್ ಬೇಕೆನಿಸುವುದು ಸಹಜ. ಸಿನರ್ಜಿಯಂಥ ತಂತ್ರಾಂಶವಿದ್ದರೆ ಮೌಸಿನ ಬಾಣ ಒಂದು ಪರದೆಯ ಅಂಚು ದಾಟಿ ಇನ್ನೊಂದಕ್ಕೆ ಸರಾಗವಾಗಿ ಜಾರುತ್ತದೆ. ಸೊಗಸೇ ಸರಿ. ಆದರೆ ಜೊತೆಯಲ್ಲಿ, ಇಲ್ಲಿ ನಕಲು ಮಾಡಿದ ಪಠ್ಯವೂ ಅಲ್ಲಿಗೆ ದಾಟಬಲ್ಲದು. ಅದು ರೋಗಿಯ ಹೆಸರೋ ರಕ್ತಪರೀಕ್ಷೆಯ ಫಲಿತಾಂಶವೋ ಆಗಿದ್ದರೆ? ಊರಿನ ಗೆಳೆಯರಿಗೆ ಬರೆಯುತ್ತಿರುವ ಮಿಂಚಂಚೆಯೊಳಗೆ ಅದು ಅಂಟಿಕೊಳ್ಳಲು ಎರಡು ಕೀಲಿಗಳ ಒತ್ತು ಸಾಕು. 1996ರ ಹಿಪಾ ಕಾಯಿದೆಯಡಿ ಕಾಪಾಡಬೇಕಾದದ್ದು ಇಂಥ ಮಾಹಿತಿಯನ್ನೇ.

ಹೀಗಾಗಿ ನನ್ನ ಮತ ಗುಂಡಿ ಒತ್ತಿ ಬದಲಾಯಿಸುವ ಹಳೆಯ ಕೆವಿಎಂ ಪೆಟ್ಟಿಗೆಗೆ. ನಕಲು ಮಾಡಿದ್ದನ್ನು ಅದು ಹೊತ್ತೊಯ್ಯುವುದಿಲ್ಲ. ತಂತ್ರಾಂಶವೇ ಬೇಕೆನ್ನುವವರು, ಆಸ್ಪತ್ರೆಯ ಅನುಮತಿ ಪಡೆದು, ನಕಲು ಹಂಚಿಕೆಯ ಆಯ್ಕೆಯನ್ನಾದರೂ ಮೊದಲು ಮುಚ್ಚಲಿ.