ಕದ್ದ ಹಾಡು ಹಾಕಿದ್ದು ಬಳಕೆದಾರ, ಹೊಣೆ ವೆಬ್‌ಸೈಟ್‌ನದ್ದೇ?

ಯಾರೋ ಅನುಮತಿಯಿಲ್ಲದೆ ಸಿನಿಮಾ ಹಾಡನ್ನು ಅಪ್‌ಲೋಡ್ ಮಾಡುತ್ತಾರೆ. ಹಕ್ಕುದಾರರು ಕೇಸು ಹಾಕಬೇಕಾದ್ದು ಅವರ ಮೇಲೋ, ಜಾಗ ಕೊಟ್ಟ ವೆಬ್‌ಸೈಟ್ ಮೇಲೋ? ಭಾರತದಲ್ಲಿ ಈ ಪ್ರಶ್ನೆಗೆ ದಾರಿ ತೋರಿದ್ದು ಟಿ-ಸೀರೀಸ್ ಮತ್ತು ಮೈಸ್ಪೇಸ್ ನಡುವಿನ ಪ್ರಕರಣ.

2011ರಲ್ಲಿ ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಮೈಸ್ಪೇಸ್ ವಿರುದ್ಧ ಆದೇಶ ನೀಡಿತ್ತು. 2016ರ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ಬದಲಿಸಿತು. ಕದ್ದ ಹಾಡು ಎಲ್ಲೋ ಇರಬಹುದೆಂಬ ಅನುಮಾನ ಸಾಲದು, ಯಾವ ಹಾಡು ಯಾವ ಲಿಂಕ್‌ನಲ್ಲಿದೆ ಎಂಬುದು ವೆಬ್‌ಸೈಟ್‌ಗೆ ಖಚಿತವಾಗಿ ಗೊತ್ತಿರಬೇಕು ಎಂದಿತು. ಅಂಥ ಪಟ್ಟಿ ಕೈಸೇರಿದರೆ 36 ಗಂಟೆಯೊಳಗೆ ತೆಗೆಯಬೇಕು. ಐಟಿ ಕಾಯ್ದೆಯ ಸೆಕ್ಷನ್ 79ರ ರಕ್ಷಣೆ ಸಿಗುವುದು ಹೀಗೆ ನಡೆದುಕೊಂಡವರಿಗೆ ಮಾತ್ರ.

ಪೈರಸಿಯನ್ನೇ ಕಸುಬಾಗಿಸಿಕೊಂಡ ಸೈಟ್‌ಗಳ ಕಥೆ ಬೇರೆ. ಒಂದನ್ನು ಮುಚ್ಚಿಸಿದರೆ ಹೆಸರಿನ ಒಂದಕ್ಷರ ಬದಲಿಸಿ ಮತ್ತೊಂದು ತೆರೆಯುತ್ತದೆ. ಅದಕ್ಕಾಗಿಯೇ 2019ರಲ್ಲಿ ಯುಟಿವಿ ಪ್ರಕರಣದಲ್ಲಿ ಅದೇ ಹೈಕೋರ್ಟ್ 'ಡೈನಾಮಿಕ್ ಇಂಜಂಕ್ಷನ್' ನೀಡಿತು. ಹೊಸ ನಕಲು ಸೈಟ್ ಬಂದಾಗಲೆಲ್ಲ ಹೊಸ ದಾವೆ ಹೂಡಬೇಕಿಲ್ಲ, ಹಳೆಯ ಆದೇಶವನ್ನೇ ವಿಸ್ತರಿಸಿಕೊಳ್ಳಬಹುದು.

ಆದರೆ ಅತಿಯಾದರೆ? 2022ರ ನವೆಂಬರ್‌ನಲ್ಲಿ 'ಕೆಜಿಎಫ್ 2' ಹಾಡು ಬಳಸಿದ ಆರೋಪದ ಮೇಲೆ ಕಾಂಗ್ರೆಸ್ ಮತ್ತು ಭಾರತ್ ಜೋಡೋ ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ನಿರ್ಬಂಧಿಸುವಂತೆ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಸೂಚಿಸಿತ್ತು. ವಿವಾದಿತ ವಿಡಿಯೊ ತೆಗೆಯಬೇಕೆಂಬ ಷರತ್ತಿನೊಂದಿಗೆ ಕರ್ನಾಟಕ ಹೈಕೋರ್ಟ್ ಮರುದಿನವೇ ಆ ಆದೇಶ ರದ್ದುಪಡಿಸಿತು. ಕೆಲವು ತುಣುಕುಗಳಿಗಾಗಿ ಇಡೀ ಖಾತೆಯ ಬಾಯಿ ಕಟ್ಟುವುದು ಸರಿಯಲ್ಲ ಎಂಬುದೇ ಇಲ್ಲಿನ ಪಾಠ.

ಈಗಿನ ವ್ಯವಸ್ಥೆಯಲ್ಲಿ ಲಿಂಕ್ ಹುಡುಕುವ ಭಾರ ಹಕ್ಕುದಾರರದ್ದೇ. ದೊಡ್ಡ ಸಂಗೀತ ಕಂಪನಿಗೆ ಅದಕ್ಕೆ ಜನ, ಹಣ, ವಕೀಲರಿದ್ದಾರೆ. ಸಣ್ಣ ಬಜೆಟ್‌ನ ಕನ್ನಡ ಚಿತ್ರದ ನಿರ್ಮಾಪಕರಿಗೆ? ಮೊದಲ ವಾರದ ಗಳಿಕೆಯನ್ನೇ ನಂಬಿದವರಿಗೆ 36 ಗಂಟೆಯೂ ದೀರ್ಘವೇ. ಹಾಗೆಂದು ಎಲ್ಲವನ್ನೂ ಮೊದಲೇ ಸೋಸಿ ಎಂದು ವೆಬ್‌ಸೈಟ್‌ಗಳಿಗೆ ಹೇಳಿದರೆ, ಕೇಸಿನ ಭಯಕ್ಕೆ ಅವು ವಿಮರ್ಶೆ, ವಿಡಂಬನೆಯನ್ನೂ ಅಳಿಸಿಹಾಕುತ್ತವೆ. ನಿಯಮ ಹೀಗೇ ಇರಲಿ. ದೂರು ಕೊಡುವ ದಾರಿ ಮಾತ್ರ ಸಣ್ಣವರಿಗೂ ಸುಲಭವಾಗಬೇಕು.