ಕೈಗೆಲಸವೆಂಬ ಚೀಟಿ

ಯುರೋಪಿನ ಮಧ್ಯಯುಗದ ಯೋಧರ ಶಿರಸ್ತ್ರಾಣಗಳನ್ನು ಉಕ್ಕಿನಲ್ಲಿ ಪಡಿಮಾಡಿ ಮಾರುವ ಉದ್ಯಮವು ಈಗ ದೊಡ್ಡದಾಗಿ ಬೆಳೆದಿದೆ. ಭಾರತದ ಡೆಹರಾಡೂನಿನಿಂದಲೂ ಇಂತಹ ಸರಕು ಕಡಲಾಚೆಗೆ ಹೋಗುತ್ತದೆ. ‘ಕೈಯಿಂದ ಮಾಡಿದ್ದು’ ಎಂಬ ಚೀಟಿ ಇಲ್ಲದ ಸರಕೇ ಅಪರೂಪ. ಇವೆಲ್ಲ ಬರಿಯ ಆಟಿಕೆಗಳು, ವಿದ್ವಾಂಸರು ಕಣ್ಣೆತ್ತಿ ನೋಡತಕ್ಕವಲ್ಲವೆಂದು ಮೂಗು ಮುರಿಯುವವರು ಕೆಲವರು. ಚೀಟಿಯನ್ನೇ ಪ್ರಮಾಣವೆಂದು ನಂಬಿ ಗೋಡೆಗೆ ತೂಗುಹಾಕುವವರು ಹಲವರು. ಸುತ್ತಿಗೆಯ ಕೆಲಸವೆಂದರೇನೆಂಬುದನ್ನು ಇವರಲ್ಲಿ ಯಾರೂ ವಿಚಾರಿಸಿದಂತೆ ತೋರುವುದಿಲ್ಲ.

15ನೆಯ ಶತಮಾನದ ನುರಿತ ಕಮ್ಮಾರನು ಒಂದೇ ಲೋಹದ ಬಿಲ್ಲೆಯನ್ನು ಕಾಯಿಸಿ, ಬಡಿದು, ಮತ್ತೆ ಕಾಯಿಸಿ, ತಲೆಯ ಆಕಾರಕ್ಕೆ ಎಬ್ಬಿಸುತ್ತಿದ್ದನು. ಪೆಟ್ಟು ಬೀಳುವ ನೆತ್ತಿ ಹಣೆಗಳಲ್ಲಿ ದಪ್ಪ, ಉಳಿದೆಡೆ ತೆಳುವು. ಬೇಕಾದಲ್ಲಿ ಬಲವನ್ನಿರಿಸಿ ಬೇಡವಾದಲ್ಲಿ ಭಾರವನ್ನು ಕಳೆಯುವುದೇ ಆ ವಿದ್ಯೆಯ ಮರ್ಮ. ಇಂದಿನ ಅಗ್ಗದ ಪ್ರತಿಕೃತಿಯಾದರೋ ಬಹುಮಟ್ಟಿಗೆ ಕಾರ್ಖಾನೆಯ ಸಮದಪ್ಪದ ತಗಡು, 1.2 ಅಥವಾ 1.6 ಮಿಲಿಮೀಟರಿನದು. ಅದನ್ನು ಎರಡು ಹೋಳಾಗಿ ಕತ್ತರಿಸಿ, ಉಬ್ಬಿಸಿ, ನಡುವೆ ಬೆಸೆದು, ಬೆಸುಗೆಯ ಗುರುತನ್ನು ಉಜ್ಜಿ ಅಳಿಸಿರುತ್ತಾರೆ. ಕೈ ತಗುಲಿಲ್ಲವೆಂದಲ್ಲ; ಆ ಕೈಗೂ ದುಡಿಮೆಯುಂಟು, ಅದಕ್ಕೆ ತಕ್ಕ ಕೂಲಿಯೂ ಸಲ್ಲಬೇಕು. ಬೆಸೆದದ್ದೆಂದು ಬರೆದೇ ಮಾರಿದರೆ ಯಾರ ತಕರಾರೂ ಇರದು. ಮರೆಮಾಡಿದ ಬೆಸುಗೆ ಮಾತ್ರ ಸುಳ್ಳುಸಾಕ್ಷಿ.

ಪ್ರತಿಕೃತಿಯೆಂದರೇ ಹುಸಿಯೆಂಬವರಿಗೆ ಸಟನ್ ಹೂ ಸಾಕಾದ ಉತ್ತರ. 1939ರಲ್ಲಿ ಇಂಗ್ಲೆಂಡಿನ ಆ ದಿಬ್ಬದಲ್ಲಿ ದೊರೆತ 7ನೆಯ ಶತಮಾನದ ಶಿರಸ್ತ್ರಾಣವು ಐನೂರಕ್ಕೂ ಮಿಕ್ಕ ಚೂರುಗಳಾಗಿತ್ತು. 1945–46ರಲ್ಲಿ ಹರ್ಬರ್ಟ್ ಮೇರಿಯನ್ನರು ಅದನ್ನು ಜೋಡಿಸಿದರು. ಧರಿಸಿದವನ ಮುಖ ಕತ್ತುಗಳಿಗೆ ಆ ರೂಪದಲ್ಲಿ ಸಾಕಷ್ಟು ಮರೆಯಿಲ್ಲವೆಂಬ ಆಕ್ಷೇಪ ಹುಟ್ಟಿತು. 1970–71ರಲ್ಲಿ ನೈಜೆಲ್ ವಿಲಿಯಮ್ಸರು ಎಲ್ಲವನ್ನೂ ಬಿಚ್ಚಿ ಮರಳಿ ಜೋಡಿಸಿದರು. ಬಳಿಕ 1973ರಲ್ಲಿ ರಾಯಲ್ ಆರ್ಮರೀಸಿನವರು ಪ್ರತಿಕೃತಿಯೊಂದನ್ನು ಮಾಡಿದರು. ತುಕ್ಕುಹಿಡಿದ ಕಂದು ಚೂರುಗಳನ್ನಷ್ಟೇ ಕಂಡಿದ್ದ ಜನಕ್ಕೆ, ಮೂಲವು ತವರ ಲೇಪಿಸಿದ ಕಂಚಿನ ತಗಡುಗಳಿಂದ ಬೆಳ್ಳಿಯಂತೆ ಬೆಳಗುತ್ತಿತ್ತೆಂಬುದನ್ನು ಕಣ್ಣಾರೆ ತೋರಿಸಿದುದು ಈ ‘ಆಟಿಕೆ’ಯೇ.

ಅದೇ ಪೇಟೆಯಲ್ಲಿ ಕೊಂಬುಳ್ಳ ವೈಕಿಂಗ್ ಶಿರಸ್ತ್ರಾಣವೂ ಬಿಕರಿಯಾಗುತ್ತದೆ! 1876ರಲ್ಲಿ ಬೈರಾಯ್ಟಿನಲ್ಲಿ ನಡೆದ ವಾಗ್ನರನ ಸಂಗೀತನಾಟಕಕ್ಕೆ ಡೋಪ್ಲರನು ಕಲ್ಪಿಸಿದ ವೇಷವೇ ಆ ಕೊಂಬುಗಳನ್ನು ಜನಪ್ರಿಯಗೊಳಿಸಿತು. ನಾರ್ವೆಯ ಗ್ಯೆರ್ಮುಂಡ್ಬುವಿನಲ್ಲಿ 1943ರಲ್ಲಿ ದೊರೆತ, ನಿಜಕ್ಕೂ ವೈಕಿಂಗರ ಕಾಲದ ಶಿರಸ್ತ್ರಾಣಕ್ಕೆ ಕೊಂಬಿಲ್ಲ. ರಂಗದ ವೇಷವನ್ನು ರಂಗದ ವೇಷವೆಂದೇ ಮಾರಲು ವರ್ತಕನಿಗೆ ಏನು ಅಡ್ಡಿ?

ಕೊಳ್ಳುವವರು ಚೀಟಿಯನ್ನು ಓದುವ ಮುನ್ನ ಶಿರಸ್ತ್ರಾಣವನ್ನು ಮಗುಚಿ ಒಳಗೆ ನೋಡಲಿ. ಹೊರಮೈಯನ್ನು ಕನ್ನಡಿಯಂತೆ ಉಜ್ಜಿದವರು ಒಳಗಿನ ಬೆಸುಗೆಗೆರೆಯನ್ನು ಎಷ್ಟೋ ವೇಳೆ ಹಾಗೆಯೇ ಬಿಟ್ಟಿರುತ್ತಾರೆ.